ನಮ್ಮ ಗುಂಡಿ, ನಮ್ಮ ಬಾವಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಈ ಗೋಷ್ಠಿಯಲ್ಲಿ ಪ್ರತಿ ತಿಂಗಳೂ ಶರಣರ ಜೀವನ, ತತ್ವಗಳ ಮೇಲೆ ಬಲ್ಲವರು ಮಾತನಾಡುತ್ತಾರೆ. ನಾನು ಅಂಥ ಅಧ್ಯಯನ ಮಾಡಿದವನಲ್ಲ. ಇಪ್ಪತ್ತೆಂಟು ವರ್ಷ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅದೇ ನನ್ನ ಕಾಯಕವಾಗಿತ್ತು. ಹೋದ ತಿಂಗಳು ಪೂಜ್ಯರ ಬಳಿ ಒಂದು ಕಾಗದ ಹಿಡಿದುಕೊಂಡು ಬಂದೆ. ಅದು ಇದೇ ಪ್ರಸಾದನಿಲಯದ ಕೊಳವೆಬಾವಿಯ ನೀರಿನ ವರದಿ. ಪೂಜ್ಯರು ಅದನ್ನು ಎರಡು ಸಲ ಓದಿದರು. "ಇದನ್ನು ನನ್ನ ಕಿವಿಯಲ್ಲಿ ಹೇಳಿ ಹೋದರೆ ಏನು ಬಂತು? ವೇದಿಕೆಯ ಮೇಲೆ ಹೇಳಿ. ಮಠದ್ದು ಮೊದಲು ಹೇಳಿ, ಆಮೇಲೆ ಊರಿನದು ಹೇಳಿ" ಎಂದರು. ಅವರ ಅಪ್ಪಣೆಯಂತೆ ಇಲ್ಲಿ ನಿಂತಿದ್ದೇನೆ. ಆದರೆ ಮಠಕ್ಕಿಂತ ಮೊದಲು ನನ್ನ ಮನೆಯದನ್ನು ಹೇಳಬೇಕು. ತಪ್ಪು ಅಲ್ಲಿಂದಲೇ ಶುರುವಾಗಿದೆ.

ಮೂರು ವರ್ಷದ ಹಿಂದೆ ನನ್ನ ಮಗಳು ಬಾಣಂತನಕ್ಕೆ ಮನೆಗೆ ಬಂದಿದ್ದಳು. ಕೂಸಿಗೆ ಎರಡು ತಿಂಗಳಾಗಿದ್ದಾಗ ಆಕೆಗೆ ಜ್ವರ ಬಂದು ಹಾಲು ಕಡಿಮೆಯಾಯಿತು. ಡಬ್ಬಿ ಹಾಲಿನ ಪುಡಿ ತಂದೆವು. ನನ್ನ ಮನೆಯವರು ಬೋರಿನ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಅದರಲ್ಲಿ ಪುಡಿ ಕಲಸಿ ಕುಡಿಸುತ್ತಿದ್ದರು. ಎಷ್ಟು ಜಾಗ್ರತೆ ಮಾಡುತ್ತಾರೆ ಎಂದು ನಾನೂ ಸಮಾಧಾನದಿಂದ ನೋಡುತ್ತಿದ್ದೆ. ಒಂದು ರಾತ್ರಿ ಎಚ್ಚರವಾಗಿ ಮಲಗಿದ್ದಾಗ ಥಟ್ಟನೆ ನೆನಪಾಯಿತು: ಜಿಲ್ಲೆಯ ನೂರಾರು ಊರುಗಳ ನೀರು ಪರೀಕ್ಷೆ ಮಾಡಿದ್ದೇನೆ, ನನ್ನ ಹಿತ್ತಲಿನ ಬೋರಿನ ನೀರನ್ನು ಒಮ್ಮೆಯೂ ಮಾಡಿಲ್ಲ. ಬೆಳಿಗ್ಗೆ ಬಾಟಲಿಯಲ್ಲಿ ತುಂಬಿಕೊಂಡು ಹಳೆಯ ಸಹೋದ್ಯೋಗಿಗಳ ಬಳಿ ಹೋದೆ. ಸಂಜೆಗೆ ಉತ್ತರ ಬಂತು. ಲೀಟರಿಗೆ 168 ಮಿಲಿಗ್ರಾಂ ನೈಟ್ರೇಟ್. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐ.ಎಸ್. 10500ರ ಪ್ರಕಾರ ಮಿತಿ 45 ಮಿಲಿಗ್ರಾಂ. ಬೇರೆ ನೀರಿಲ್ಲದಿದ್ದರೆ ಕೆಲವು ಅಂಶಗಳಿಗೆ ಆ ಮಾನಕದಲ್ಲಿ ರಿಯಾಯಿತಿ ಇದೆ. ನೈಟ್ರೇಟಿಗೆ ರಿಯಾಯಿತಿ ಇಲ್ಲ.

ಕೂಸಿಗೆ ಏನೂ ಆಗಲಿಲ್ಲ. ಅದು ನಮ್ಮ ಪುಣ್ಯ, ನಮ್ಮ ಜಾಣತನವಲ್ಲ. ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ನೈಟ್ರೇಟ್ ಸುಲಭವಾಗಿ ನೈಟ್ರೈಟ್ ಆಗುತ್ತದೆ. ಅದು ರಕ್ತಕ್ಕೆ ಸೇರಿದರೆ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಕೋಮ್ಲಿ ಎಂಬ ವೈದ್ಯರು ಹೊಲಮನೆಗಳ ಕೂಸುಗಳಲ್ಲಿ ಇದನ್ನು ಕಂಡು, ಕಾರಣ ಬಾವಿಯ ನೀರಿನ ನೈಟ್ರೇಟ್ ಎಂದು ಮೊದಲಿಗೆ ಬರೆದರು. ಇಂದು ಜಗತ್ತಿನಲ್ಲಿರುವ ಮಿತಿಗಳೆಲ್ಲ ಆ ನೀಲಿ ಕೂಸುಗಳನ್ನು ನೆನೆದೇ ಹಾಕಿದವು.

ತಾಯಂದಿರು ಒಂದು ಮಾತು ಗಮನಿಸಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಹೋಗಿ ನೈಟ್ರೇಟ್ ಉಳಿಯುವುದರಿಂದ, ಕುದಿಸಿದಷ್ಟೂ ಅದು ದಟ್ಟವಾಗುತ್ತದೆ. ನಾವು ಕೂಸಿಗೆ ಮಾಡುತ್ತಿದ್ದ ಜಾಗ್ರತೆಯೇ ಅದಕ್ಕೆ ಕೆಡುಕಾಗಬಹುದಿತ್ತು. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಅದು ಹೋಗುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಗುಂಡಿ ತೋಡಿಸಿದವನು ನಾನೇ

ನನ್ನ ಬೋರಿನಿಂದ ಇಪ್ಪತ್ತು ಅಡಿ ದೂರದಲ್ಲಿ ನನ್ನ ಸಂಡಾಸದ ಗುಂಡಿ ಇದೆ. ಅತ್ತಕಡೆ ಹದಿನೈದು ಅಡಿಗೆ ನೆರೆಯವರ ಗುಂಡಿ. ಮನೆ ಮನೆಗೆ ಶೌಚಾಲಯ ಕಟ್ಟಿಸುವ ಅಭಿಯಾನ ನಡೆದಾಗ ನಮ್ಮ ಊರಿನ ಸಮಿತಿಯಲ್ಲಿ ನಾನೂ ಇದ್ದೆ. ಹೆಣ್ಣುಮಕ್ಕಳು ಕತ್ತಲಾಗುವುದನ್ನು ಕಾಯುತ್ತ ಕೂರುವ ಸ್ಥಿತಿ ತಪ್ಪಬೇಕು ಎಂದು ಓಣಿ ಓಣಿಗೆ ಹೋಗಿ ಮಾತನಾಡಿದೆ. ಗುಂಡಿ ಎಷ್ಟು ಆಳ ಎಂದು ಕೇಳಿದವರಿಗೆ, "ಆಳ ತೋಡಿರಿ, ಬೇಗ ತುಂಬುವುದಿಲ್ಲ" ಎಂದೆ. ನೀರಿನ ರಸಾಯನ ಬಲ್ಲ ನಾನೇ ಹಾಗೆ ಹೇಳಿದೆ. ಆಳ ತೋಡಿದಷ್ಟೂ ಕೊಳೆಯನ್ನು ಅಂತರ್ಜಲದ ಹತ್ತಿರಕ್ಕೆ ಒಯ್ದಂತೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ನನ್ನ ಮಾತು ನಂಬಿ ತೋಡಿದ ಗುಂಡಿಗಳು ಈಗಲೂ ಊರಲ್ಲಿವೆ.

ಶೌಚಾಲಯ ಬೇಡವಾಗಿತ್ತು ಎಂದು ಯಾರೂ ತಿಳಿಯಬಾರದು. ಬಯಲಿಗೆ ಹೋಗುವ ಕಾಲ ಮರಳಿ ಬರಬಾರದು. ಶೌಚಾಲಯ ಕಟ್ಟಿದ್ದು ಅರ್ಧ ಕೆಲಸ, ಉಳಿದ ಅರ್ಧ ಬಾಕಿ ಇದೆ. ಇವತ್ತಿನ ನನ್ನ ಮಾತು ಅದರ ಬಗ್ಗೆ.

ಗುಂಡಿಯೊಳಗೆ ಏನಾಗುತ್ತದೆ ಎಂದು ತಿಳಿಯೋಣ. ನಾವು ಉಣ್ಣುವ ಬೇಳೆ, ಜೋಳ, ಹಾಲಿನಲ್ಲಿ ಸಾರಜನಕ ಇರುತ್ತದೆ. ಬೆಳೆದ ದೇಹ ಅದನ್ನು ಕೂಡಿಟ್ಟುಕೊಳ್ಳುವುದಿಲ್ಲ. ಉಂಡಷ್ಟೂ ಹೊರಗೆ ಹೋಗುತ್ತದೆ, ಅದರ ಬಹುಪಾಲು ಮೂತ್ರದಲ್ಲಿ. ಸೆಪ್ಟಿಕ್ ಟ್ಯಾಂಕಿನಲ್ಲಿ ಗಾಳಿಯಿಲ್ಲದ ಕಾರಣ ಅದು ಅಮೋನಿಯ ರೂಪದಲ್ಲಿ ಇರುತ್ತದೆ. ಅಲ್ಲಿಂದ ಇಂಗುಗುಂಡಿಗೆ ಹರಿದು ಗಾಳಿಯಾಡುವ ಮಣ್ಣಿಗೆ ಬಂದ ಕೂಡಲೇ ಸೂಕ್ಷ್ಮಾಣುಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶವಿದೆ, ನೈಟ್ರೇಟಿನ ಮೇಲೂ ಋಣವೇ ಇದೆ. ಆದ್ದರಿಂದ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಹೋದಲ್ಲಿ ಅದೂ ಹೋಗುತ್ತದೆ.

ಇಲ್ಲಿ ಬಹಳ ಜನ ಒಂದು ತಪ್ಪು ತಿಳಿದಿದ್ದಾರೆ. ಟ್ಯಾಂಕು ಒಡೆದಿದ್ದರೆ, ಉಕ್ಕಿದರೆ ಮಾತ್ರ ನೀರು ಕೆಡುತ್ತದೆ ಎಂದುಕೊಳ್ಳುತ್ತಾರೆ. ರೋಗಾಣುವಿನ ಮಟ್ಟಿಗೆ ಅದು ಬಹುಪಾಲು ಸರಿ. ರೋಗಾಣು ಮಣ್ಣಿನಲ್ಲಿ ಸೋಸಿಹೋಗುತ್ತದೆ, ದಿನ ಕಳೆದಂತೆ ಸಾಯುತ್ತದೆ. ನೈಟ್ರೇಟಿಗೆ ಸಾವಿಲ್ಲ. ಸೆಪ್ಟಿಕ್ ಟ್ಯಾಂಕು ಹೊಸದಾಗಿದ್ದು, ಚೆನ್ನಾಗಿ ಕಟ್ಟಿಸಿದ್ದು, ವಾಸನೆಯೇ ಇಲ್ಲದಂತೆ ನಡೆಯುತ್ತಿದ್ದರೂ ಸಾರಜನಕದ ಅಲ್ಪ ಪಾಲು ಮಾತ್ರ ಅದರ ಕೆಸರಿನಲ್ಲಿ ನಿಲ್ಲುತ್ತದೆ. ಉಳಿದದ್ದೆಲ್ಲ ಇಂಗುಗುಂಡಿಗೆ ಹೋಗುತ್ತದೆ.

ಕೋಲಾರ ಜಿಲ್ಲೆಯ ಮುಳಬಾಗಿಲು ಪಟ್ಟಣದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದನ್ನೇ ಅಭ್ಯಾಸ ಮಾಡಿ, ಗುಂಡಿ ಶೌಚಾಲಯದಿಂದ ಇಳಿಯುವ ನೀರು ಅಲ್ಲಿನ ಅಂತರ್ಜಲಕ್ಕೆ ನೈಟ್ರೇಟ್ ಸೇರಿಸುತ್ತಿರುವುದನ್ನು ತೋರಿಸಿದ್ದಾರೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ದೇಶದ ಐದು ಮಾದರಿಗಳಲ್ಲಿ ಸುಮಾರು ಒಂದು ನೈಟ್ರೇಟ್ ಮಿತಿ ಮೀರಿದೆ. ಕರ್ನಾಟಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಾದರಿಗಳು ಮೀರಿವೆ. ಅದೆಲ್ಲ ಸಂಡಾಸದಿಂದಲೇ ಬಂದದ್ದಲ್ಲ. ಯೂರಿಯಾ ಇದೆ, ದನದ ಕೊಟ್ಟಿಗೆ ಇದೆ, ಮನೆ ಮುಂದಿನ ತಿಪ್ಪೆ ಇದೆ. ನಮ್ಮ ಪಾಲು ಎಷ್ಟು ಎಂದು ತಿಳಿಯಬೇಕಾದರೆ ಲೆಕ್ಕ ಹಾಕಬೇಕು.

ಒಂದು ಮನೆಯ ಲೆಕ್ಕ

ಈ ಲೆಕ್ಕಕ್ಕೆ ದೊಡ್ಡ ಯಂತ್ರ ಬೇಡ. ಅಂಗಡಿಯ ಖಾತೆ ಬರೆಯುವವರು ಮಾಡಬಹುದು. ಎಷ್ಟು ನೈಟ್ರೇಟ್ ಇಳಿಯುತ್ತದೆ, ಅದು ಎಷ್ಟು ನೀರಿನಲ್ಲಿ ಬೆರೆಯುತ್ತದೆ ಎಂಬ ಎರಡು ಅಂಕಿ ಸಿಕ್ಕರೆ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಆಯಿತು. ಅಮೆರಿಕದ ಕೇಪ್ ಕಾಡ್ ಎಂಬ ಮರಳುನೆಲದ ಸೀಮೆಯಲ್ಲಿ ಬಹುಪಾಲು ಮನೆಗಳಿಗೆ ಸೆಪ್ಟಿಕ್ ಟ್ಯಾಂಕು, ಕುಡಿಯುವುದಕ್ಕೆ ಅದೇ ನೆಲದ ನೀರು. 1990ರ ಹೊತ್ತಿಗೇ ಅವರು ಇಂಥ ಕೂಡಿ ಕಳೆಯುವ ಲೆಕ್ಕದಿಂದ ಎಲ್ಲಿ ಎಷ್ಟು ಮನೆ ಕಟ್ಟಬಹುದು ಎಂದು ನಿರ್ಧರಿಸತೊಡಗಿದ್ದರು. ನಾವು ನಮ್ಮ ಕೊಪ್ಪಳ, ರಾಯಚೂರು ಸೀಮೆಯ ಅಂಕಿ ಹಾಕಿ ನೋಡೋಣ.

ಐದು ಜನರ ಮನೆ ಎಂದಿಟ್ಟುಕೊಳ್ಳಿ. ಭಾರತೀಯರ ಊಟದ ಪ್ರೋಟೀನಿನ ಮೇಲೆ ತಜ್ಞರು ಮಾಡಿದ ಅಂದಾಜಿನಂತೆ ಒಬ್ಬರ ದೇಹದಿಂದ ವರ್ಷಕ್ಕೆ ಸುಮಾರು 2.7 ಕಿಲೋ ಸಾರಜನಕ ಹೊರಬೀಳುತ್ತದೆ. ಅದರಲ್ಲಿ 2.3 ಕಿಲೋ ಮೂತ್ರದ್ದು. ಐದು ಜನರದ್ದು 13.5 ಕಿಲೋ. ಸ್ವಲ್ಪ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ, ಸ್ವಲ್ಪ ಕೆಸರಿನಲ್ಲಿ ಉಳಿಯುತ್ತದೆ, ಸ್ವಲ್ಪವನ್ನು ಮಣ್ಣಿನ ಸೂಕ್ಷ್ಮಾಣುಗಳು ಮತ್ತೆ ಗಾಳಿಯ ಸಾರಜನಕವಾಗಿ ಬಿಡುತ್ತವೆ. ಅರ್ಧ ಮಾತ್ರ ಕೆಳಗಿಳಿಯಿತು ಎನ್ನೋಣ. ಅದು ಸುಮಾರು 6.75 ಕಿಲೋ. ಸಾರಜನಕ ಪ್ರಾಣವಾಯುವನ್ನು ಕೂಡಿಕೊಂಡು ನೈಟ್ರೇಟ್ ಆಗುವಾಗ ತೂಕ ಹೆಚ್ಚುತ್ತದೆ: 14 ಗ್ರಾಂ ಸಾರಜನಕದಿಂದ 62 ಗ್ರಾಂ ನೈಟ್ರೇಟ್. ಅಂದರೆ 4.43 ಪಟ್ಟು. ಹಾಗಾಗಿ ಆ ಮನೆಯಿಂದ ವರ್ಷಕ್ಕೆ 30 ಕಿಲೋ ನೈಟ್ರೇಟ್ ನೆಲಕ್ಕಿಳಿಯುತ್ತದೆ.

ಈಗ ನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ನಮ್ಮಂಥ ಗಟ್ಟಿ ಕಲ್ಲಿನ ನೆಲದಲ್ಲಿ ಅದರ ಹತ್ತರಲ್ಲೊಂದು ಪಾಲು ಅಂತರ್ಜಲಕ್ಕೆ ಇಂಗುತ್ತದೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ, ಅಂದರೆ 60 ಮಿಲಿಮೀಟರ್. 30–40 ಅಡಿಯ ನಿವೇಶನದ ಮೇಲೆ ಅದು ವರ್ಷಕ್ಕೆ 6,700 ಲೀಟರ್. ಸಂಡಾಸಕ್ಕೆ ಒಬ್ಬರು ದಿನಕ್ಕೆ 20 ಲೀಟರ್ ಸುರಿದರೆ ಐದು ಜನರದ್ದು ವರ್ಷಕ್ಕೆ 36,500 ಲೀಟರ್. ಎರಡೂ ಸೇರಿ 43,200 ಲೀಟರ್. ಇದರಲ್ಲಿ 30 ಕಿಲೋ ನೈಟ್ರೇಟ್ ಕರಗಿದರೆ ಲೀಟರಿಗೆ ಹತ್ತಿರ ಹತ್ತಿರ 700 ಮಿಲಿಗ್ರಾಂ. ಮಿತಿ 45.

ಅರ್ಧ ಇಳಿಯುತ್ತದೆ ಎಂದದ್ದು ನನ್ನ ಊಹೆ. ಮರಳುಮಿಶ್ರಿತ ಮಸಾರಿಯಲ್ಲಿ ಹೆಚ್ಚು ಇಳಿದೀತು, ಜಿಗುಟು ಎರೆಯಲ್ಲಿ ಕಡಿಮೆ ಇಳಿದೀತು. ಕಾಲು ಪಾಲು ಮಾತ್ರ ಇಳಿಯುತ್ತದೆ ಎಂದು ಹಿಡಿದರೂ 350 ಬರುತ್ತದೆ. ಊಹೆಯನ್ನು ಅರ್ಧಕ್ಕೆ ಇಳಿಸಿದರೂ ಮಿತಿಯ ಏಳೆಂಟು ಪಟ್ಟು. ಅಂದಾಜು ಎಂದರೆ ಸುಳ್ಳಲ್ಲ ಬಂಧುಗಳೇ. ಯಾವ ಅಂಕಿ ಗಟ್ಟಿ, ಯಾವುದು ಊಹೆ ಎಂದು ಮೊದಲೇ ಹೇಳಿ, ಊಹೆಯನ್ನು ಹಿಂದೆ ಮುಂದೆ ಸರಿಸಿ ನೋಡುವುದು ಅಂದಾಜಿನ ನಿಯತ್ತು.

ಹಾಗಾದರೆ ನನ್ನ ಬೋರಿನಲ್ಲಿ 700 ಬರಲಿಲ್ಲ, 168 ಯಾಕೆ ಬಂತು? ಬೋರು ನನ್ನ ನಿವೇಶನದ ನೀರನ್ನಷ್ಟೇ ಎಳೆಯುವುದಿಲ್ಲ. ಬಿರುಕುಗಳ ಮೂಲಕ ಹೊಲದ ಕಡೆಯ ನೀರನ್ನೂ ಎಳೆದುಕೊಳ್ಳುತ್ತದೆ. ಅದು ಬೆರೆತು ತಿಳಿಯಾಗುತ್ತದೆ. ಆ ತಿಳಿಯಾಗುವುದಕ್ಕೆ ಎಷ್ಟು ನೆಲ ಬೇಕು ಎಂದು ಲೆಕ್ಕವನ್ನು ತಿರುಗಿಸಿ ಹಾಕಿದೆ. ಒಂದು ಮನೆಯ 30 ಕಿಲೋ ನೈಟ್ರೇಟನ್ನು 45ರ ಮಿತಿಗೆ ತರಲು ಸುಮಾರು 6 ಲಕ್ಷ 67 ಸಾವಿರ ಲೀಟರ್ ನೀರು ಬೇಕು. ಒಂದು ಎಕರೆಯಲ್ಲಿ ವರ್ಷಕ್ಕೆ ಇಂಗುವುದು 2 ಲಕ್ಷ 43 ಸಾವಿರ ಲೀಟರ್. ಸಂಡಾಸದ ನೀರು ಕಳೆದರೂ ಒಂದು ಮನೆಗೆ ಎರಡೂವರೆ ಎಕರೆಗೂ ಹೆಚ್ಚು ನೆಲದ ಮಳೆ ಬೇಕು. ಆ ನೆಲಕ್ಕೆ ಯಾರೂ ಯೂರಿಯಾ ಹಾಕಿರಬಾರದು. ನಮ್ಮ ಗಾವಠಾಣದಲ್ಲಿ ಎರಡೂವರೆ ಎಕರೆಯಲ್ಲಿ ಒಂದಲ್ಲ, ಐವತ್ತು ಮನೆಗಳಿವೆ.

ಈ ಲೆಕ್ಕವನ್ನು ನಮ್ಮ ಓಣಿಯ ಒಬ್ಬ ಹಿರಿಯರಿಗೆ ಹೇಳಿದೆ. ಅವರು ಸಿಟ್ಟಾದರು. "ಏನ್ರೀ ಸಾಹೇಬ್ರ, ನಮ್ಮಪ್ಪ ಇದೇ ಊರ ನೀರು ಕುಡಿದು ತೊಂಬತ್ತು ವರ್ಷ ಬದುಕಿದ. ನಿಮ್ಮ ಕಾಗದದಾಗ ಏನೋ ಬರದದ ಅಂತ ನಾವು ಬೋರು ಮುಚ್ಚಬೇಕೇನು?" ಎಂದರು. "ಅಪ್ಪಾರ, ನಿಮ್ಮ ಅಪ್ಪನ ಕಾಲದಾಗ ಊರಾಗ ಎಷ್ಟು ಸಂಡಾಸ ಗುಂಡಿ ಇದ್ದವು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೂ ಇದ್ದಿಲ್ಲ" ಎಂದರು. ಆಗ ಊರ ಹೊರಗಿನ ನೂರಾರು ಎಕರೆಗೆ ಅದು ಚದುರಿ ಹೋಗುತ್ತಿತ್ತು, ಬೆಳೆ ಹೀರಿಕೊಳ್ಳುತ್ತಿತ್ತು. ಅದರ ಜೊತೆಗೆ ವಾಂತಿಬೇಧಿಯೂ ಬರುತ್ತಿತ್ತು, ಅದನ್ನು ಮರೆಯಬಾರದು. ಈಗ ರೋಗ ತಡೆಯಲು ಎಲ್ಲವನ್ನೂ ಊರ ನಡುವೆ, ಬೆಳೆಯ ಬೇರಿಗೆ ಎಟುಕದ ಆಳಕ್ಕೆ ಇಳಿಸಿದ್ದೇವೆ. ಅದೇ ಆಳದಿಂದ ನೀರು ಎತ್ತುತ್ತಿದ್ದೇವೆ.

ಮಠದ ನೀರು

ಈಗ ಮಠದ ಮಾತು. ಇಲ್ಲಿ 150 ಮಕ್ಕಳು ವರ್ಷದಲ್ಲಿ ಹತ್ತು ತಿಂಗಳು ಉಂಡು, ಮಲಗಿ, ಓದುತ್ತಾರೆ. ಯಾವ ಜಾತಿ ಎಂದು ಕೇಳದೆ ಸೇರಿಸಿಕೊಂಡು ಅನ್ನ, ಅಕ್ಷರ ಕೊಡುವ ಸ್ಥಳ ಇದು. ಪ್ರಸಾದನಿಲಯದ ಹಿಂದೆ ದೊಡ್ಡ ಸೆಪ್ಟಿಕ್ ಟ್ಯಾಂಕು, ಅದರ ಪಕ್ಕದಲ್ಲಿ ಇಂಗುಗುಂಡಿ ಇವೆ. ಅಲ್ಲಿಂದ ಎಪ್ಪತ್ತು ಹೆಜ್ಜೆಗೆ ದಾಸೋಹದ ಕೊಳವೆಬಾವಿ. ಮಠದ ಆವರಣ ನಾಲ್ಕು ಎಕರೆ.

ಪರೀಕ್ಷೆಗೆ ಮೊದಲೇ ಅಂದಾಜು ಮಾಡಿದ್ದೆ. ದೊಡ್ಡವರ ಅಂಕಿಯನ್ನೇ ಹಿಡಿದರೆ 150 ಮಕ್ಕಳಿಂದ ಹತ್ತು ತಿಂಗಳಲ್ಲಿ 337 ಕಿಲೋ ಸಾರಜನಕ. ಮಕ್ಕಳದ್ದು ಸ್ವಲ್ಪ ಕಡಿಮೆ ಇದ್ದೀತು. ಅರ್ಧ ಇಳಿದರೆ ಸುಮಾರು 750 ಕಿಲೋ ನೈಟ್ರೇಟ್. ಸ್ನಾನ, ಸಂಡಾಸದ ನೀರು ಒಬ್ಬರಿಗೆ ದಿನಕ್ಕೆ 50 ಲೀಟರಿನಂತೆ 22 ಲಕ್ಷ ಲೀಟರ್, ಆವರಣದಲ್ಲಿ ಇಂಗುವ ಮಳೆ ಹತ್ತು ಲಕ್ಷದ ಆಸುಪಾಸು. ಭಾಗಿಸಿದರೆ ಲೀಟರಿಗೆ 230 ಮಿಲಿಗ್ರಾಂ. ಇದನ್ನು ಮಿತಿಯೊಳಗೆ ತರಲು ಬೇಕಾದ ನೆಲ 60 ಎಕರೆ. ನಮ್ಮಲ್ಲಿರುವುದು ನಾಲ್ಕು.

ಪರೀಕ್ಷೆಯಲ್ಲಿ ದಾಸೋಹದ ಬೋರಿನಲ್ಲಿ ಬಂದದ್ದು 96. ಮಿತಿಯ ಎರಡು ಪಟ್ಟಿಗೂ ಹೆಚ್ಚು. ಇದು ಹೊಲದ ಗೊಬ್ಬರದಿಂದ ಬಂದಿರಬಹುದಲ್ಲ ಎಂದು ಮಠದ ವ್ಯವಸ್ಥಾಪಕರು ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೆ ಒಂದು ಸಾಕ್ಷಿ ಇದೆ, ಅದು ಕ್ಲೋರೈಡ್, ಅಂದರೆ ಉಪ್ಪಿನ ಅಂಶ. ನಾವು ಉಂಡ ಉಪ್ಪು ಮೂತ್ರದಲ್ಲೇ ಹೊರಬರುತ್ತದೆ. ಅದು ಮಣ್ಣಿನಲ್ಲಿ ಕೊಳೆಯುವುದಿಲ್ಲ, ಗಾಳಿಗೆ ಹೋಗುವುದಿಲ್ಲ. ಯೂರಿಯಾದಲ್ಲಿ ಉಪ್ಪಿಲ್ಲ. ನೈಟ್ರೇಟ್ ಜೊತೆಗೆ ಕ್ಲೋರೈಡೂ ಏರಿದ್ದರೆ ಮನುಷ್ಯರ, ದನಗಳ ಮಲಮೂತ್ರದ ಕಡೆ ಬೆರಳು ತೋರಿಸುತ್ತದೆ. ಮಠದ ಮೇಲುಭಾಗದ ಹೊಲದ ಬೋರಿನಲ್ಲಿ ನೈಟ್ರೇಟ್ 22, ಕ್ಲೋರೈಡ್ 90. ದಾಸೋಹದ ಬೋರಿನಲ್ಲಿ ನೈಟ್ರೇಟ್ 96, ಕ್ಲೋರೈಡ್ 310. ಪೊಟ್ಯಾಷ್ ಗೊಬ್ಬರದಲ್ಲೂ ಕ್ಲೋರೈಡ್ ಇರುವುದರಿಂದ ಇದೊಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಬಾರದು. ಆದರೆ ಗೊಬ್ಬರ ಬೀಳುವ ಹೊಲದಲ್ಲಿ ಎರಡೂ ಕಡಿಮೆ ಇದ್ದು, ಗೊಬ್ಬರ ಹಾಕದ ಆವರಣದಲ್ಲಿ ಎರಡೂ ಏರಿವೆ. ಹೊಲದ ರೈತನ ಮೇಲೆ ದೂರು ಹಾಕಲು ನಮಗೆ ದಾರಿಯಿಲ್ಲ.

ಮಕ್ಕಳ ಪಾಲಕರು ಹೆದರಬಾರದು. ಇಲ್ಲಿ ಕೂಸುಗಳಿಲ್ಲ, ಇರುವವರು ಹತ್ತು ವರ್ಷ ಮೇಲ್ಪಟ್ಟವರು. ನಾಳೆ ಬೆಳಿಗ್ಗೆ ಏನೋ ಆಗಿಬಿಡುತ್ತದೆ ಎಂದಲ್ಲ. ಆದರೆ ಜಾತ್ರೆಗೆ ಎಳೆಗೂಸು ಹೊತ್ತ ತಾಯಂದಿರು ಬರುತ್ತಾರೆ, ಇಲ್ಲೇ ನೀರು ಹಿಡಿದು ಕೂಸಿಗೆ ಕುಡಿಸುತ್ತಾರೆ. ದಾಸೋಹದಲ್ಲಿ ಕೊಡುವುದು ಅನ್ನವೊಂದೇ ಅಲ್ಲ, ನೀರೂ ಹೌದು. ಈ ವಾರದಿಂದ ಅಡುಗೆಗೆ, ಕುಡಿಯಲು ಮೇಲಿನ ಹೊಲದ ಬೋರಿನ ನೀರು ತರಿಸಬೇಕೆಂದು ಪೂಜ್ಯರು ಹೇಳಿದ್ದಾರೆ. ಹೊಲದ ಯಜಮಾನರು ಇಲ್ಲೇ ಕೂತಿದ್ದಾರೆ. ಕೇಳಿದ ಕೂಡಲೇ ಒಪ್ಪಿದರು. ಅವರಿಗೆ ಶರಣು.

ಏನು ಮಾಡಬೇಕು

ನೀರು ಶುದ್ಧಗೊಳಿಸುವ ಆರ್‌.ಓ. ಘಟಕ ಹಾಕಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಆರ್‌.ಓ. ನೈಟ್ರೇಟನ್ನು ತಗ್ಗಿಸುತ್ತದೆ, ನಿಜ. ತುರ್ತಿಗೆ ಅದು ಬೇಕು. ಆದರೆ ತೆಗೆದ ನೈಟ್ರೇಟ್ ಎಲ್ಲಿ ಹೋಗುತ್ತದೆ? ಘಟಕದ ಹಿಂದಿನ ಕೊಳವೆಯಿಂದ ಹೊರಬರುವ ದಟ್ಟ ನೀರಿನಲ್ಲಿ. ಅದು ಚರಂಡಿಗೆ ಹೋಗಿ ಮತ್ತೆ ಇದೇ ನೆಲಕ್ಕೆ ಇಂಗುತ್ತದೆ.

ಗುಂಡಿಯನ್ನು ಗಾಡಿ ತರಿಸಿ ಖಾಲಿ ಮಾಡಿಸಿದರೂ ಇದು ನಿಲ್ಲದು. ದೇವನಹಳ್ಳಿಯಲ್ಲಿ 2015ರಿಂದ ಮಲದ ಕೆಸರನ್ನು ಶುದ್ಧಮಾಡಿ ಗೊಬ್ಬರ ಮಾಡುವ ಘಟಕ ನಡೆಯುತ್ತಿದೆ. ರೋಗ ತಡೆಯಲು ಅಂಥವು ಊರೂರಿಗೆ ಬೇಕು. ಆದರೆ ಗಾಡಿ ಬರುವ ಹೊತ್ತಿಗೆ ಮೂತ್ರದ ಸಾರಜನಕ ಬಹುಪಾಲು ನೆಲಕ್ಕಿಳಿದಾಗಿರುತ್ತದೆ.

ಮಾಡಬೇಕಾದದ್ದು ಮೂಲದಲ್ಲೇ ಇದೆ. 2.7 ಕಿಲೋದಲ್ಲಿ 2.3 ಕಿಲೋ ಮೂತ್ರದ್ದು ಎಂದೆನಲ್ಲ, ಅಂದರೆ ನೂರಕ್ಕೆ 85 ಪಾಲು. ಮೂತ್ರವನ್ನು ಗುಂಡಿಗೆ ಬಿಡದೆ ಬೇರೆ ಮಾಡಿದರೆ ಸಮಸ್ಯೆಯ ದೊಡ್ಡ ಪಾಲು ಹುಟ್ಟುವುದೇ ಇಲ್ಲ. ಪ್ರಸಾದನಿಲಯದ ಹುಡುಗರ ಮೂತ್ರಾಲಯಕ್ಕೆ ಬೇರೆ ಕೊಳವೆ ಹಾಕಿ, ಮುಚ್ಚಳವಿರುವ ಸಿಂಟೆಕ್ಸ್ ಟ್ಯಾಂಕಿಗೆ ತುಂಬಿ, ಕೆಲವು ವಾರ ಇಟ್ಟು, ನೀರು ಬೆರೆಸಿ ಮಠದ ತೆಂಗು, ಬಾಳೆಯ ಬುಡಕ್ಕೆ ಬಿಡಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಮೂತ್ರವನ್ನು ಬೆಳೆಗೆ ಗೊಬ್ಬರವಾಗಿ ಬಳಸಿ ಪ್ರಯೋಗ ಮಾಡಿದ್ದಾರೆ. 200 ಮನೆಯ, ಸಾವಿರ ಜನರ ಊರಿನಿಂದ ವರ್ಷಕ್ಕೆ ಹೊರಬೀಳುವ ಸಾರಜನಕ 45 ಕಿಲೋದ 130 ಚೀಲ ಯೂರಿಯಾಕ್ಕೆ ಸಮ. ಅಂಗಡಿಯ ಮುಂದೆ ಯೂರಿಯಾಕ್ಕೆ ಸರದಿ ನಿಲ್ಲುವ ನಾವೇ ಅಷ್ಟನ್ನು ಕುಡಿಯುವ ನೀರಿಗೆ ಸುರಿಯುತ್ತಿದ್ದೇವೆ. ಆದರೆ ಬೇಕಾಬಿಟ್ಟಿ ಸುರಿಯಬಾರದು. ಬೆಳೆ ಹೀರುವಷ್ಟು ಮಾತ್ರ ಬಿಡಬೇಕು, ಇಲ್ಲದಿದ್ದರೆ ಅದೂ ಇಂಗುತ್ತದೆ.

ಹೊಸದಾಗಿ ಸಂಡಾಸ ಕಟ್ಟುವವರು ಒಂದು ಆಳದ ಗುಂಡಿಯ ಬದಲು ಎರಡು ತೋಡದ ಗುಂಡಿ ಮಾಡಿಸಿರಿ. ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲದ ಮಟ್ಟಕ್ಕೂ ಕನಿಷ್ಠ ಎರಡು ಮೀಟರ್ ಅಂತರವಿರಲಿ. ಇದರಿಂದ ನೈಟ್ರೇಟ್ ಪೂರ್ತಿ ನಿಲ್ಲದು, ರೋಗಾಣು ನಿಲ್ಲುತ್ತದೆ. ಊರಿಗೆ ಕುಡಿಯುವ ನೀರಿನ ಬೋರನ್ನು ಗಾವಠಾಣದ ಹೊರಗೆ, ಇಳಿಜಾರಿನ ಮೇಲುಗಡೆ ಕೊರೆಸಿರಿ. ಕೇಸಿಂಗ್ ಪೈಪಿನ ಸುತ್ತ ಸಿಮೆಂಟಿನಿಂದ ಮುಚ್ಚಿಸಿರಿ. ನಮ್ಮ ಕಲ್ಲುನೆಲದಲ್ಲಿ ಹೊಲಸು ನೀರು ಎಷ್ಟೋ ಸಲ ಪೈಪಿನ ಹೊರಮೈಗುಂಟ ಇಳಿದು ಬೋರಿಗೆ ಸೇರುತ್ತದೆ. ಎಳೆಗೂಸಿರುವ ಮನೆಯವರು ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಹಾಲಿನ ಪುಡಿಗೆ ಬೆರೆಸಬೇಡಿ. ವರದಿ ಬಂದಾಗ ಒಂದು ಎಚ್ಚರ: ಕೆಲವು ಕಡೆ 'ನೈಟ್ರೇಟ್' ಎಂದು ಬರೆಯುತ್ತಾರೆ, ಕೆಲವು ಕಡೆ 'ಸಾರಜನಕ ರೂಪದಲ್ಲಿ' ಎಂದು ಬರೆಯುತ್ತಾರೆ. ಮೊದಲನೆಯದಕ್ಕೆ ಮಿತಿ 45, ಎರಡನೆಯದಕ್ಕೆ ಸುಮಾರು 10. ಎರಡನೆಯ ರೀತಿಯಲ್ಲಿ 20 ಎಂದು ಬಂದದ್ದನ್ನು ನೋಡಿ, 45ರೊಳಗಿದೆ ಎಂದು ಸಮಾಧಾನಪಟ್ಟುಕೊಂಡವರನ್ನು ನಾನು ಕಂಡಿದ್ದೇನೆ.

ಕಡೆಯದಾಗಿ ಒಂದು ಮಾತು. ಎರಡು ಗುಂಡಿಯ ಸಂಡಾಸದಲ್ಲಿ ಒಂದು ತುಂಬಿದ ಮೇಲೆ ಮುಚ್ಚಿ, ಇನ್ನೊಂದನ್ನು ಬಳಸುತ್ತಾರೆ. ಒಂದೆರಡು ವರ್ಷ ಬಿಟ್ಟರೆ ಮುಚ್ಚಿದ್ದು ಒಣಗಿ ಮಣ್ಣಿನಂಥ ಗೊಬ್ಬರವಾಗುತ್ತದೆ. ಮನೆಯವರೇ ಸಲಿಕೆ ಹಿಡಿದು ತೆಗೆಯಬಹುದು. ಆದರೂ ನಮ್ಮಲ್ಲಿ ಬಹಳ ಜನ ಒಂದೇ ಆಳದ ಗುಂಡಿ ಯಾಕೆ ಬಯಸುತ್ತಾರೆ? ನಾನು ಓಣಿ ಓಣಿ ತಿರುಗಿದಾಗ ಈ ಮಾತು ಕೇಳಿದ್ದೇನೆ: "ಅದನ್ನ ತಗಿಯೋರು ಯಾರು?" ನಾನು ತೆಗೆಯುವುದಿಲ್ಲ, ನನ್ನ ಮಗ ತೆಗೆಯುವುದಿಲ್ಲ, ಹಾಗಾದರೆ ಅದು ತುಂಬಲೇಬಾರದು ಎಂಬುದು ಅದರ ಅರ್ಥ. ತುಂಬಿದಾಗ ಒಂದು ಕೇರಿಯವರನ್ನು ಕರೆಸಬೇಕು ಎಂಬ ಹಳೆಯ ನಂಬಿಕೆ ಅದರ ಕೆಳಗಿದೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಕಾನೂನು ಬಿಡಿ, ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಇದೇ ಸಭಾಂಗಣದಲ್ಲಿ ಎಷ್ಟು ಸಲ ಕೇಳಿದ್ದೇವೆ! ನಮ್ಮ ಹೊಲಸನ್ನು ನಾವು ಮುಟ್ಟಲಾರೆವು ಎಂಬ ಒಂದೇ ಕಾರಣಕ್ಕೆ ಗುಂಡಿಯನ್ನು ಆಳಕ್ಕೆ ಇಳಿಸಿದೆವು, ಅದು ನೀರಿನಲ್ಲಿ ಬೆರೆತು ನಮ್ಮ ತಂಬಿಗೆಗೇ ಬಂತು. ಮುಟ್ಟಲಾರೆವು ಎಂದದ್ದನ್ನು ಈಗ ಕುಡಿಯುತ್ತಿದ್ದೇವೆ.

ನನ್ನ ಮನೆಯ ಆಳದ ಗುಂಡಿಯನ್ನು ಹೋದ ಬೇಸಿಗೆಯಲ್ಲಿ ಮುಚ್ಚಿಸಿದೆ. ಬದಲಿಗೆ ಎರಡು ತೋಡದ ಗುಂಡಿ ಮಾಡಿಸಿ, ಮೂತ್ರಕ್ಕೆ ಬೇರೆ ಕೊಳವೆ ಹಾಕಿಸಿದೆ. ಬೋರಿನ ಅಂಕಿ ಈ ತಿಂಗಳು 151 ಬಂದಿದೆ. ನೆರೆಯವರ ಗುಂಡಿಗಳು ಹಾಗೆಯೇ ಇವೆ, ಹತ್ತು ವರ್ಷ ಇಳಿದದ್ದು ನೆಲದಲ್ಲೇ ಇದೆ. ಒಂದು ಮನೆಯಿಂದ ಇದು ಆಗುವ ಕೆಲಸವಲ್ಲ. ಗುಂಡಿ ಅವರವರದ್ದು, ನೆಲದ ಕೆಳಗಿನ ನೀರು ಮಾತ್ರ ಎಲ್ಲರದ್ದು.

ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಪ್ರಸಾದನಿಲಯದ ಮುಂದೆ ಕೂತಿರುತ್ತೇನೆ. ಮನೆಯ ಬೋರಿನ ನೀರನ್ನು ತೊಳೆದ ಬಾಟಲಿಯಲ್ಲಿ, ಅದೇ ನೀರಿನಿಂದ ಎರಡು ಸಲ ಗಲಬರಿಸಿ, ತುಂಬಿ ತನ್ನಿರಿ. ಮೇಲೆ ಹೆಸರು, ಗುಂಡಿಗೂ ಬೋರಿಗೂ ಎಷ್ಟು ಹೆಜ್ಜೆ ದೂರ ಎಂದು ಬರೆದಿರಲಿ. ಪರೀಕ್ಷೆಯ ಖರ್ಚನ್ನು ಮಠ ನೋಡಿಕೊಳ್ಳುತ್ತದೆ. ಲೆಕ್ಕ ಬರೆಯಲು ಹತ್ತನೆಯ ತರಗತಿಯ ಮಕ್ಕಳು ನನ್ನ ಜೊತೆ ಕೂರುತ್ತಾರೆ. ಬಂದ ಅಂಕಿಗಳನ್ನು ಮುಂದಿನ ತಿಂಗಳ ಗೋಷ್ಠಿಯಲ್ಲಿ ಓದೋಣ, ಮೊದಲು ನನ್ನ ಮನೆಯದು, ಆಮೇಲೆ ಮಠದ್ದು.